ಜುಟ್ಟಿರುವ ಮೊಟ್ಟೆ

ದೇರೆಬೈಲಿನ ಒಂದು ಸಣ್ಣ ಶಿಶುವಿಹಾರದಲ್ಲಿ ಭಾರ್ಗವಿ ಬಹಳ ವರ್ಷಗಳಿಂದ ಟೀಚರು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವರು. ಮಕ್ಕಳಿಗೆ ಸುಳ್ಳು ಹೇಳಬಾರದು ಎಂಬುದು ಅವರ ಹಟ. ಸೂರ್ಯ ಮುಳುಗುವ ಪದ್ಯ ಹೇಳಿಸಿದರೆ, ಕೊನೆಗೆ "ಮುಳುಗಿದ ಹಾಗೆ ಕಾಣ್ತದೆ, ಅಷ್ಟೆ" ಎಂದು ಸೇರಿಸುತ್ತಾರೆ. ಮಕ್ಕಳು ಅದನ್ನೂ ರಾಗವಾಗಿ ಹಾಡುತ್ತಾರೆ.

ಜುಲೈ ಕೊನೆಯಲ್ಲಿ ಪೆಂಗ್ವಿನ್ ಪಾಠ ಬಂತು. ಮೊದಲ ದಿನ ಡಾಲ್ಡಾ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ, ಐಸ್ ನೀರಿನಲ್ಲಿ ಅದ್ದಿಸಿದರು. ಚರ್ಮದಡಿ ಕೊಬ್ಬಿದ್ದರೆ ಚಳಿ ತಾಗುವುದಿಲ್ಲ ಎಂದು ಮಕ್ಕಳಿಗೆ ತಿಳಿಯಿತು. ತಮ್ಮ ತಮ್ಮ ಮನೆಯಲ್ಲಿ ಯಾರಿಗೆ ಚಳಿ ಆಗುವುದಿಲ್ಲ ಎಂದು ಹೆಸರು ಹಿಡಿದು ಹೇಳಿದರು.

ಎರಡನೇ ದಿನ ಮೊಟ್ಟೆಯ ಆಟ. ಚಕ್ರವರ್ತಿ ಪೆಂಗ್ವಿನ್‌ನ ಗಂಡು, ಮೊಟ್ಟೆಯನ್ನು ಕೆಳಗಿನ ಹಿಮಕ್ಕೆ ತಾಗದ ಹಾಗೆ ಪಾದಗಳ ಮೇಲೆ ಇಟ್ಟುಕೊಂಡು ಕಾವು ಕೊಡುತ್ತದೆ. ಮಕ್ಕಳೂ ಹಾಗೆ ನಿಲ್ಲಬೇಕು. ಆದರೆ ಭಾರ್ಗವಿಯವರ ಮಾವ ಮಧ್ವರಾಜರು ದೇವಸ್ಥಾನದ ಅರ್ಚಕರು. ಅವರ ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ. ಅಷ್ಟಕ್ಕೂ ಕೋಳಿಮೊಟ್ಟೆ ಐವತ್ತು ಗ್ರಾಂ, ಈ ಪೆಂಗ್ವಿನ್‌ನದ್ದು ಸುಮಾರು ನಾನೂರೈವತ್ತು. ಭಾರ್ಗವಿ ಅಡುಗೆಮನೆಯ ತಕ್ಕಡಿಯಲ್ಲಿ ಸುಲಿದ ತೆಂಗಿನಕಾಯಿ ಇಟ್ಟು ನೋಡಿದರು. ತೂಕ ಹೆಚ್ಚುಕಡಿಮೆ ಸರಿಹೊಂದಿತು.

"ಮಾವ, ಸಣ್ಣ ಕಾಯಿ ಹದಿನೆಂಟು ಬೇಕಿತ್ತು. ಮಕ್ಕಳ ಕಾಲ ಮೇಲೆ ಇಡ್ಲಿಕ್ಕೆ."

"ಕಾಲ ಮೇಲೆಯಾ?"

"ಗಂಡು ಪೆಂಗ್ವಿನ್ ಹಾಗೇ ಇಟ್ಟುಕೊಳ್ಳುವುದು."

"ಹೆಣ್ಣು ಎಲ್ಲಿಗೆ ಹೋಗ್ತದೆ?"

"ಸಮುದ್ರಕ್ಕೆ. ಮೀನು ತಿನ್ಲಿಕ್ಕೆ."

ಮಧ್ವರಾಜರು ಒಂದು ಕಾಯಿ ಕೈಗೆತ್ತಿಕೊಂಡರು. "ಜುಟ್ಟು ಇರಬೇಕಾ, ತೆಗೀಬೇಕಾ?"

"ಇರಲಿ. ಹಿಡಿದುಕೊಳ್ಳಲಿಕ್ಕೆ ಸುಲಭ."

"ಒಂದು ಮಾತು. ಕಾಲಿಗೆ ತಾಗಿದ್ದು ಮತ್ತೆ ದೇವರಿಗೆ ಆಗುವುದಿಲ್ಲ. ವಾಪಸ್ ತರಬೇಡ."

ತಪ್ಪಾದದ್ದು ಅಲ್ಲಿ. ವಾಪಸ್ ತರುವ ಹಾಗಿಲ್ಲದ ಕಾಯಿಗಳನ್ನು ಭಾರ್ಗವಿ ಮಕ್ಕಳ ಕೈಗೇ ಕೊಟ್ಟು ಮನೆಗೆ ಕಳಿಸಿದರು.

ಸಂಜೆಯೇ ತರಗತಿಯ ವಾಟ್ಸಾಪ್ ಗುಂಪು ತುಂಬಿತು. ಒಬ್ಬನು ಸ್ನಾನಕ್ಕೆ ಬರುವುದಿಲ್ಲ, ಮೊಟ್ಟೆ ತಣ್ಣಗಾಗುತ್ತದಂತೆ. ಒಂದು ಮನೆಯಲ್ಲಿ ಕಾಯಿ ತುರಿದದ್ದಕ್ಕೆ ಮಗಳು ತಾಯಿಯ ಜೊತೆ ಮಾತು ಬಿಟ್ಟಿದ್ದಾಳೆ. ಇನ್ನೊಂದು ಮನೆಯಲ್ಲಿ ದೋಸೆಗೆ ಚಟ್ನಿಯೇ ಇಲ್ಲ. ಗಂಡು ಪೆಂಗ್ವಿನ್ ಕಾವು ಕೊಡುವಷ್ಟು ಕಾಲ ಏನನ್ನೂ ತಿನ್ನುವುದಿಲ್ಲ ಎಂದು ಭಾರ್ಗವಿ ಉತ್ತರ ಬರೆದರು.

ಆಗಸ್ಟ್ ಮೊದಲಿಗೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಿತು. ಆ ಬೆಳಿಗ್ಗೆ ಶಾಲೆಯ ಗೇಟಿನ ಬಳಿ ಪೂವಪ್ಪ ನಿಂತಿದ್ದರು. ತರಗತಿಯ ಮೋಕ್ಷಾಳ ಅಜ್ಜ, ಬೋಟಿನ ಯಜಮಾನ.

"ಟೀಚರೇ, ನಿಮ್ಮ ಪೆಂಗ್ವಿನ್ ನನ್ನ ಬೋಟು ನಿಲ್ಲಿಸಿತು."

"ಎಂತ ಆಯ್ತು?"

"ಬೋಟಿನೆದುರು ಕಾಯಿ ಒಡೆಯದೆ ನಮ್ಮವರು ಯಾರೂ ಹತ್ತುವುದಿಲ್ಲ. ಆ ಬಾಲೆ ಒಡೀಲಿಕ್ಕೆ ಬಿಡ್ತಾ ಇಲ್ಲ. ಐಸ್ ತುಂಬಿಸಿ ಆಗಿದೆ, ಕರಗ್ತಾ ಉಂಟು. ಬೇರೆ ಬೋಟುಗಳು ಹೋಗಿ ಆಯ್ತು. ಮೊದಲ ದಿನವೇ ತಪ್ಪಿದರೆ ಹುಡುಗರು ಬೇರೆ ಬೋಟಿಗೆ ಹೋಗ್ತಾರೆ, ನನ್ನ ಈ ವರ್ಷ ಮುಗೀತು."

"ಅಂಗಡಿಯಿಂದ ಬೇರೆ ಕಾಯಿ ತರಬಹುದಲ್ಲ?"

"ತಂದೆ. ಅದೂ ಮೊಟ್ಟೆಯಂತೆ. ನನ್ನ ಕಾಲ ಮೇಲೆ ಇಟ್ಟಳು. ಈಗ ಅದನ್ನು ನನ್ನ ಮಗ, ಅವಳಪ್ಪ ಕಮಲೇಶನ ಕಾಲ ಮೇಲೆ ದಾಟಿಸಿ ಬಂದಿದ್ದೇನೆ."

"ಕೆಳಗೆ ತಾಗದ ಹಾಗೆ ದಾಟಿಸಿದಿರಲ್ಲ?" ಎಂದು ಕೇಳಿದ ಮೇಲೆ ಭಾರ್ಗವಿಗೆ ತಾವು ಕೇಳಿದ್ದೇನೆಂದು ಅರಿವಾಯಿತು. ರಜೆ ಹೇಳಿ ರಿಕ್ಷಾ ಹತ್ತಿದರು.

ದಕ್ಕೆಯಲ್ಲಿ, ಬೋಟುಗಳು ನಿಲ್ಲುವ ಕಟ್ಟೆಯ ಮೇಲೆ, ಕಮಲೇಶ್ ಪಾದಗಳನ್ನು ಜೋಡಿಸಿ ನಿಂತಿದ್ದ. ಪಕ್ಕದಲ್ಲಿ ಅದೇ ಭಂಗಿಯಲ್ಲಿ ಮೋಕ್ಷಾ. ಬೋಟಿನ ಹುಡುಗರಿಗೆ ಬೇರೆ ಕೆಲಸವಿರಲಿಲ್ಲ.

"ಕಮಲೇಶಣ್ಣ, ಬಾಣಂತನಕ್ಕೆ ಯಾರ ಮನೆಗೆ?"

"ಬಾಯಿ ಮುಚ್ಚು ಮಾರಾಯ. ಕಾಲು ಜೋಮು ಹಿಡಿದಿದೆ ಇಲ್ಲಿ."

ಭಾರ್ಗವಿ ಮೋಕ್ಷಾಳ ಮುಂದೆ ಕುಳಿತರು. "ಪುಟ್ಟಾ, ಇದು ಮೊಟ್ಟೆ ಅಲ್ಲ. ಆಟಕ್ಕೆ ಮೊಟ್ಟೆ ಅಂದದ್ದು."

ಮೋಕ್ಷಾ ಕಾಯಿಯನ್ನು ಎತ್ತಿ ಟೀಚರ ಕಿವಿಯ ಬಳಿ ಅಲುಗಿಸಿದಳು. "ಒಳಗೆ ಈಜ್ತಾ ಉಂಟು."

"ಅದು ನೀರು."

"ಪೆಂಗ್ವಿನ್ ನೀರಲ್ಲೇ ಈಜುವುದು ಅಂತ ನೀವೇ ಹೇಳಿದ್ದು." ಜುಟ್ಟನ್ನು ಸರಿಸಿ ತೋರಿಸಿದಳು. "ಎರಡು ಕಣ್ಣು ಉಂಟು. ಬಾಯಿ ಉಂಟು."

"ಉಂಟಲ್ಲ ಟೀಚರೇ," ಎಂದರು ಹುಡುಗರು.

ಪೂವಪ್ಪ ಬಗ್ಗಿ ಪಿಸುಗುಟ್ಟಿದರು. "ಒಳಗೆ ಎಂತದೂ ಇಲ್ಲ ಅಂತ ಹೇಳಿಬಿಡಿ. ನಿಮ್ಮ ಮಾತಾದರೆ ಅವಳು ಕೇಳ್ತಾಳೆ."

"ಟೀಚರ್, ಒಳಗೆ ಮರಿ ಇಲ್ವಾ?" ಎಂದು ಕೇಳಿದಳು ಮೋಕ್ಷಾ.

ಇಲ್ಲ ಎಂದರೆ ಬೋಟು ಹೊರಡುತ್ತಿತ್ತು. ಆದರೆ ಅವಳು ಬಾಯಿ ಎಂದದ್ದೂ ಸೇರಿ ಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತಗಿರುವುದೊಂದರ ಹಿಂದೆ, ಬಿಳಿ ತಿರುಳಿನಲ್ಲಿ, ತೊಗರಿಕಾಳಿನಷ್ಟು ಭ್ರೂಣ ಇರುತ್ತದೆ. ಭಾರ್ಗವಿ ಕಾಲೇಜಿನಲ್ಲಿ ಅದರ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದವರು.

"ಉಂಟು," ಎಂದರು. "ಆದರೆ ಪೆಂಗ್ವಿನ್‌ದ್ದಲ್ಲ. ತೆಂಗಿನದ್ದು."

"ಅಯ್ಯೋ, ಎಂತ ಟೀಚರೇ ನೀವು!" ಪೂವಪ್ಪ ತಲೆಯ ಮೇಲೆ ಕೈಯಿಟ್ಟರು. ಒಂದು ಕಾಲು ಎತ್ತಲು ಹೊರಟಿದ್ದ ಕಮಲೇಶ್ ಮತ್ತೆ ಜೋಡಿಸಿ ನಿಂತ.

"ಮರಿ ಮರಿಯೇ," ಎಂದಳು ಮೋಕ್ಷಾ.

ಬೋಟಿನ ಕೆಳಗಿನ ತೂತಿನಿಂದ ಐಸ್ ನೀರು ಸುರಿಯುತ್ತಲೇ ಇತ್ತು. ಕೊನೆಗೆ ಪೂವಪ್ಪನೇ ಅಂಗಡಿಗೆ ಓಡಿ ಒಂದು ದೊಡ್ಡ ಕುಂಬಳಕಾಯಿ ಹೊತ್ತು ತಂದರು. "ಲಾರಿಗೆ ಆಗ್ತದಲ್ಲ? ಬೋಟಿಗೂ ಆಗ್ತದೆ," ಎಂದು ಹುಡುಗರ ಕಡೆ ದುರುಗುಟ್ಟಿದರು. ಹುಡುಗರು ಮುಖ ಮುಖ ನೋಡಿಕೊಂಡು, ಆಗಬಹುದು ಎಂದರು.

ಕುಂಬಳಕಾಯಿಯೊಳಗೆ ನೂರಾರು ಬೀಜಗಳು. ಪ್ರತಿ ಬೀಜದಲ್ಲೂ ಒಂದೊಂದು ಭ್ರೂಣ. ಭಾರ್ಗವಿ ಬಾಯಿ ತೆರೆದರು.

"ಟೀಚರೇ," ಎಂದರು ಪೂವಪ್ಪ, "ನಿಮ್ಮ ಹತ್ರ ಯಾರೂ ಕೇಳ್ಲಿಲ್ಲ."

ಕೇಳದ ಪ್ರಶ್ನೆಗೆ ಉತ್ತರ ಹೇಳದಿದ್ದರೆ ಅದು ಸುಳ್ಳಾಗುವುದಿಲ್ಲ. ಭಾರ್ಗವಿ ಬಾಯಿ ಮುಚ್ಚಿದರು.

ಮೋಕ್ಷಾ ತನ್ನ ಕಾಯಿಯನ್ನು ಅಜ್ಜನ ಪಾದಗಳ ಮೇಲಿಟ್ಟು, ಕುಂಬಳಕಾಯಿಯನ್ನು ತನ್ನ ಪಾದಗಳ ಮೇಲೆ ಇಡಿಸಿಕೊಂಡಳು. ಅದು ಉರುಳಿ ಬಿತ್ತು. ಮತ್ತೆ ಇಡಿಸಿಕೊಂಡಳು. ಮತ್ತೆ ಉರುಳಿತು.

"ಇದು ಮೊಟ್ಟೆ ಅಲ್ಲ," ಎಂದು ತೀರ್ಮಾನ ಕೊಟ್ಟಳು.

ಕಮಲೇಶ್ ಒಡೆಯಲು ಹೋಗಬೇಕಲ್ಲ, ಅವನ ಕಾಯಿ ಭಾರ್ಗವಿಯವರ ಪಾದಗಳಿಗೆ ಬಂತು. ಕೆಳಗೆ ತಾಗದ ಹಾಗೆ ದಾಟಿಸಿಕೊಂಡರು. ಕುಂಬಳಕಾಯಿ ಒಡೆಯಿತು, ಹುಡುಗರು ಹತ್ತಿದರು, ಬೋಟು ಹೊಗೆ ಬಿಟ್ಟು ಹೊರಟಿತು. ಅಪ್ಪನಿಗೆ ಕೈ ಬೀಸಲು ಮೋಕ್ಷಾ ಕಟ್ಟೆಯ ತುದಿಗೆ ಓಡಿದಳು.

"ಟೀಚರ್, ಅಜ್ಜ, ಇಬ್ಬರೂ ಅಲುಗಬೇಡಿ!"

ಐಸ್ ಗಾಡಿ ತಳ್ಳಿಕೊಂಡು ಬಂದವನೊಬ್ಬ ಹಿಂದಿನಿಂದ ಕೂಗಿದ. "ಅಕ್ಕಾ, ಸ್ವಲ್ಪ ಆಚೆ ನಿಲ್ಲಿ."

"ಆಗುವುದಿಲ್ಲ," ಎಂದರು ಭಾರ್ಗವಿ. "ಕಾವು ಕೊಡ್ತಾ ಇದ್ದೇವೆ."

ಅವನು ಅವರ ಪಾದಗಳನ್ನು ನೋಡಿದ. ಪೂವಪ್ಪನ ಪಾದಗಳನ್ನೂ ನೋಡಿದ. ಗಾಡಿಯನ್ನು ಅವರ ಸುತ್ತ ಬಳಸಿ ತಳ್ಳಿಕೊಂಡು ಹೋದ.