ನಾಲ್ಕು ಬೆರಳು ಏರಿದ ನೆಲ

ಮನೆ ಮುಗಿದ ದಿನ ಬೆಂಗಳೂರು ಬಿಟ್ಟು ಬಂದುಬಿಡ್ತೀನಿ ಅಂತ, ಊರಲ್ಲಿ ಅತ್ತೆ ಹತ್ತಿರ ಬಿಟ್ಟಿದ್ದ ಮಗಳಿಗೆ ಮಾತು ಕೊಟ್ಟಿದ್ದೆ. ಆ ಮಾತು ಕೊಟ್ಟಾಗ ಗಡಿಯಾಚೆ ತೆಲುಗು ಸೀಮೆಯ ರೊಳ್ಳದ ಹತ್ತಿರ ನಮ್ಮೂರಲ್ಲಿ ನಮ್ಮ ಮನೆ ಅಂದ್ರೆ ನಾಲ್ಕು ಗೋಡೆ, ಮೇಲೊಂದಿಷ್ಟು ತಗಡು, ಬಾಗಿಲು ಇರಬೇಕಾದ ಕಡೆ ಗೋಣಿಚೀಲದ ಪರದೆ, ಅಷ್ಟೇ. ಇನ್ನೇನು, ಒಂದೆರಡು ಹಬ್ಬದ ರಜೆಯಲ್ಲಿ ಮುಗಿದೇ ಹೋಗುತ್ತೆ ಅಂದುಕೊಂಡಿದ್ದೆ. ನನ್ನ ಗಂಡನನ್ನ ನಾನಿನ್ನೂ ಸರಿಯಾಗಿ ತಿಳಿದಿರಲಿಲ್ಲ ಅನ್ನಿ.

ನಮ್ಮನೆಯವರದು ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸ. ತಾರಸಿಗೆ ಮೋಲ್ಡ್ ಹಾಕೋಕೆ ಮುಂಚೆ ಹಲಗೆ ಹೊಡೆದು ಕಂಬ ನಿಲ್ಲಿಸಿ ಕೊಡೋದು, ಕಾಂಕ್ರೀಟು ಗಟ್ಟಿಯಾದ ಮೇಲೆ ಎಲ್ಲ ಬಿಚ್ಚಿಕೊಂಡು ಇನ್ನೊಬ್ಬರ ಮನೆಗೆ ಹೋಗೋದು. ವರ್ಷವೆಲ್ಲ ಬೇರೆಯವರ ಮನೆ ನೋಡೋ ಮನುಷ್ಯನಿಗೆ ತನ್ನ ಮನೆ ಹೇಗೆ ಹಿಡಿಸುತ್ತೆ? ಯುಗಾದಿಗೆ ಕಟ್ಟಿದ ಅಡುಗೆ ಕಟ್ಟೆಯನ್ನ ದಸರಾಕ್ಕೆ ಒಡೆದರು. ಯಾಕಂದ್ರೆ ಅಷ್ಟರೊಳಗೆ ಯಾರದೋ ಮನೇಲಿ ಮೂಲೆಗೆ ತಿರುಗೋ ಕಟ್ಟೆ ನೋಡಿಬಂದಿದ್ದರು. ಕಿಟಕಿ ಒಂದು ಸಲ ಪೂರ್ವದಿಂದ ಉತ್ತರಕ್ಕೆ ಹೋಯ್ತು, ಇನ್ನೊಂದು ಸಲ ಉತ್ತರದಿಂದ ಪೂರ್ವಕ್ಕೇ ವಾಪಸ್ ಬಂತು. ಬಸ್ಸಿಂದ ಇಳಿದು ಕಾಲು ತೊಳೆಯೋಕೆ ಮುಂಚೆ ಆ ಯಪ್ಪ ಗೋಡೆ ಮುಂದೆ ನಿಂತು ತಲೆ ಓರೆ ಮಾಡಿದರೆ ಸಾಕು, ನನ್ನ ಎದೆ ಧಸಕ್ಕನ್ನೋದು. ಒಡೆಯೋಕೆ ಏನೋ ಕಂಡೈತೆ ಅಂತಲೇ ಅರ್ಥ.

ಅವರೊಬ್ಬರನ್ನೇ ಅಂದರೆ ನಾನು ಸಾಚಾ ಅಂತೇನೂ ಅಲ್ಲ. ನನಗೂ ಕೂತಲ್ಲಿ ಕೂರೋಕೆ ಆಗ್ತಿರಲಿಲ್ಲ. ನಾನು ಗಾರ್ಮೆಂಟ್ಸಿನಲ್ಲಿ ಮಕ್ಕಳ ಬಟ್ಟೆ ಹೊಲಿಯೋ ಲೈನಿನಲ್ಲಿದ್ದೆ. ಯಾವುದೋ ದೇಶದ ಮಕ್ಕಳ ಅಂಗಿ, ಫ್ರಾಕು. ಒಂದು ಕೂದಲೆಳೆ ಹೆಚ್ಚುಕಮ್ಮಿ ಆದರೂ ಸೂಪರ್‌ವೈಸರು ಮುಖಕ್ಕೆ ಎಸೆಯೋನು. ಕೈ ಮಿಷಿನ್ ಮೇಲೆ, ತಲೆ ಊರಲ್ಲಿ. ಹೊಸ ಗೋಡೆಗೆ ಅತ್ತೆ ನೀರು ಹೊಡೆದರೋ ಇಲ್ಲವೋ, ಮರಳಿನ ಗುಡ್ಡೆಯಲ್ಲಿ ನಾಯಿ ಮರಿ ಹಾಕ್ತೋ ಏನೋ, ಮಗಳು ಉಂಡಳೋ ಇಲ್ಲವೋ. ಊರಿಗೆ ಬಂದರೆ ಇನ್ನೊಂದು ಕಾಟ. ರಜೆ ಮುಗಿಯೋ ದಿನದ್ದೇ ಯೋಚನೆ, ತಡವಾದರೆ ನನ್ನ ಮಿಷಿನ್‌ಗೆ ಇನ್ಯಾರನ್ನಾದರೂ ಕೂರಿಸಿಬಿಡ್ತಾರೇನೋ ಅಂತ. ಥೂ, ಆ ವರ್ಷಗಳಲ್ಲಿ ಒಂದು ಲೋಟ ಕಾಫಿಯನ್ನೂ ನಾನು ಪೂರ್ತಿ ಕೂತು ಕುಡಿದಿಲ್ಲ.

ಬಾಗಿಲ ಚೌಕಟ್ಟು ನಿಲ್ಲಿಸಿದ್ದು ಒಂದು ಯುಗಾದಿಗೆ. ಮಾಡಿಕೊಟ್ಟ ಬಡಗಿ ರಾಯದುರ್ಗದ ಕಡೆಯವನು, ಹೆಂಡತಿ ಊರು ಅಂತ ಇಲ್ಲೇ ನೆಲೆಯಾಗಿದ್ದ. ಬೇವಿನ ಮರದ ಚೌಕಟ್ಟು. ಅತ್ತೆ ಅದಕ್ಕೆ ಅರಿಶಿನ ಬಳಿದು, ನವಧಾನ್ಯದ ಗಂಟು ಕಟ್ಟಿ, ಮಾವಿನ ಸೊಪ್ಪು ಸಿಕ್ಕಿಸಿ, ಕಾಯಿ ಒಡೆದ ಮೇಲೇ ನೆಟ್ಟಿದ್ದು. ಪೂಜೆ ಮುಗಿದು ಬಾಳೆಹಣ್ಣು ತಿನ್ನುತ್ತಾ ಬಡಗಿ ನನ್ನನ್ನ ಕೇಳಿದ, "ಯಾಕ್ರೀ ಯವ್ವಾ, ಅಷ್ಟು ದೂರ ಹೋಗಿ ಹೊಲೀತೀರಿ? ನಮ್ಮ ರಾಯದುರ್ಗದಾಗ ಬಂದು ನೋಡ್ರಿ, ಓಣಿ ಓಣಿಗೂ ಮಿಷಿನ್ ಸದ್ದು. ಜೀನ್ಸ್ ಪ್ಯಾಂಟಿನ ಕಟ್ಟು ಮನಿಗೇ ಬರ್ತಾವು. ನಮ್ಮ ತಂಗಿ ಹೊಸ್ತಿಲ ದಾಟಂಗಿಲ್ಲ."

"ಇದು ರಾಯದುರ್ಗ ಅಲ್ಲ ಕಣಪ್ಪ, ಇಲ್ಲಿ ಕಡ್ಲೆಕಾಯಿ ಚೀಲ ಬಿಟ್ಟರೆ ಹೊಲಿಯೋಕೆ ಏನೈತೆ?" ಅಂತ ಅವನ ಬಾಯಿ ಮುಚ್ಚಿಸಿದ್ದೆ.

ಆವತ್ತೇ ಮಗಳನ್ನ ನಡುಮನೆ ನೆಲದ ಮೇಲೆ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ. ಆಮೇಲೆ ಪ್ರತಿ ರಜೆಗೂ ಒಂದು ಗೆರೆ. ಅವಳಿಗೆ ಅದೇ ಹಬ್ಬ. ಗೆರೆ ಎಳೆಸಿಕೊಂಡು ತಿರುಗಿ ನೋಡೋಳು, ಆಮೇಲೆ ಮನೆಯೆಲ್ಲ ಒಂದು ಸುತ್ತು ಹಾಕಿ ಬಂದು ಕೇಳೋಳು, "ಅಮ್ಮ, ಮುಗೀತಾ?" ಮನೆ ಮುಗೀತಾ ಅಂತ. "ಇನ್ನೊಂದು ಸ್ವಲ್ಪ ಐತೆ ಮಗಾ" ಅನ್ನೋಳು ನಾನು. ಅವಳ ಅಪ್ಪ ಆಗ ಯಾವುದಾದರೊಂದು ಗೋಡೆಗೆ ಸುತ್ತಿಗೆ ಹಾಕ್ತಿರೋರು.

ಆಮೇಲೊಂದು ವರ್ಷ ಯುಗಾದಿಗೆ ನಮಗೆ ರಜೆಯೇ ಸಿಗಲಿಲ್ಲ. ಕಂಪನೀಲಿ ಅರ್ಜೆಂಟ್ ಆರ್ಡರ್ ಅಂದರು. ಅದೇ ಹೊತ್ತಿಗೆ ಊರಲ್ಲಿ ನಮ್ಮ ಬೀದಿಗೆ ಸಿಮೆಂಟ್ ರಸ್ತೆ ಬಂತು. ರಸ್ತೆ ಎತ್ತರ, ಮನೆ ತಗ್ಗು. ಮೊದಲ ಮಳೆಗೇ ನೀರು ಒಳಗೆ ಬಂದು ನಡುಮನೆಯಲ್ಲಿ ಚಪ್ಪಲಿ ತೇಲಿದವಂತೆ. ನಮ್ಮನೆಯವರಿಗೆ ಹಬ್ಬ ಬಂದಂಗಾಯ್ತು. ಬೆಂಗಳೂರಿಂದಲೇ ಫೋನಿನಲ್ಲಿ ಮೇಸ್ತ್ರಿಗೆ ಹೇಳಿ, ಆ ಬಡಗಿಯೇ ಮಾಡಿಕೊಟ್ಟಿದ್ದ ಬಾಗಿಲು ಕಳಚಿಸಿ, ಮಣ್ಣು ತುಂಬಿಸಿ, ದಿಮ್ಮಸ್ಸು ಹೊಡೆಸಿ, ಮೇಲೆ ಕಡಪ ಕಲ್ಲು ಹಾಸಿಸಿದರು. ನೆಲ ಹೊಸ್ತಿಲ ಮಟ್ಟಕ್ಕೆ ಬಂತು. ಹೊಸ್ತಿಲನ್ನ ಹೂತುಬಿಟ್ಟಿರಲ್ಲೋ ಅಂತ ಅತ್ತೆ ಫೋನಿನಲ್ಲಿ ಮಗನಿಗೆ ಮಂಗಳಾರತಿ ಮಾಡಿದರು. ಕಳಚಿದ ಬಾಗಿಲು ಗೋಡೆಗೆ ಒರಗಿತ್ತು, ದಸರಾಕ್ಕೆ ಬಂದು ನಾನೇ ಕೂರಿಸ್ತೀನಿ ಅಂದಿದ್ದರು ಇವರು.

ದಸರಾಕ್ಕೆ ಈ ಸಲ ಮಗಳಿಗೆ ಲಂಗ ನಾನೇ ಹೊಲಿದು ತಗೊಂಡು ಹೋಗೋಣ ಅಂತ ನನಗಾಸೆ. ಯುಗಾದಿಗೆ ಬರಲಿಲ್ಲ ಅಂತ ಮಗಳು ಫೋನಿಗೇ ಬರ್ತಿರಲಿಲ್ಲ. ಹಸಿರು ಲಂಗ, ಕೆಂಪು ಅಂಚು. "ಅತ್ತೆ, ಚೌಕಟ್ಟಿಗೆ ನಿಲ್ಲಿಸಿ ನೋಡಿ, ಹೋದ ಗೆರೆಗಿಂತ ಎಷ್ಟು ಮೇಲೆ ಬಂದವಳೆ?" ಅಂತ ಫೋನಿನಲ್ಲಿ ಕೇಳಿದೆ.

"ಐದು ಬೆರಳು ಕಣೆ" ಅಂದರು ಅತ್ತೆ.

ಐದು ಬೆರಳು! ಫೋನ್ ಇಟ್ಟು ಸ್ನಾನದ ಮನೆಗೆ ಹೋಗಿ ಅತ್ತುಬಿಟ್ಟೆ. ನಾನು ನೋಡದೇ ಇದ್ದ ಆ ಒಂದಿಷ್ಟು ತಿಂಗಳಲ್ಲಿ ಮಗು ಅಷ್ಟು ಬೆಳೆದುಬಿಟ್ಟಿತಲ್ಲ ಅಂತ. ಹಳೇ ಅಳತೆಗೆ ಐದು ಬೆರಳು ಸೇರಿಸಿಯೇ ಕತ್ತರಿ ಹಾಕಿದೆ. ನಮ್ಮ ಕಡೆ ಹೆಣ್ಣುಮಕ್ಕಳ ಲಂಗಕ್ಕೆ ಕೆಳಗೊಂದು ಟಕ್ ಹಿಡಿಯೋದು ವಾಡಿಕೆ. ಬಟ್ಟೆಯನ್ನ ಒಳಗೆ ಮಡಿಚಿ ಹೊಲಿದಿಟ್ಟು, ಹುಡುಗಿ ಉದ್ದ ಆದ ಹಾಗೆ ಬಿಚ್ಚೋದು. ನಾನು ಅದನ್ನೂ ಹಿಡಿಯಲಿಲ್ಲ. ಗಾರ್ಮೆಂಟ್ಸಿನವಳು ನಾನು, ಅಂಗಡೀಲಿ ತಂದ ಹಾಗೆ ನೀಟಾಗಿ ಕೂರಬೇಕು ಅಂತ ಧಿಮಾಕು.

ಹಬ್ಬದ ದಿನ ಸ್ನಾನ ಮಾಡಿಸಿ ಲಂಗ ತೊಡಿಸಿದೆ. ಅಯ್ಯೋ ಶಿವನೇ! ಅಂಚು ಕಾಲ ಕೆಳಗೆ ಬಿದ್ದು ಹೊರಳಾಡ್ತಿತ್ತು. ಒಂದು ಹೆಜ್ಜೆ ಇಟ್ಟಳು, ತುಳಿದಳು, ಮುಗ್ಗರಿಸಿದಳು. ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಇದು ಯಾರಿಗೆ ಹೊಲಿದಿದ್ದು?" ಅಂದಳು.

"ನಿಂಗೇ ಕಣೆ ಮಗಾ."

"ನಂಗಲ್ಲ. ನಾನು ಎಷ್ಟಿದೀನಿ ಅಂತಲೇ ನಿಂಗೆ ಗೊತ್ತಿಲ್ಲ."

ಬಿಚ್ಚಿ ಎಸೆದು, ಹಳೇ ಫ್ರಾಕು ಸಿಕ್ಕಿಸಿಕೊಂಡು ಹೊರಗಿನ ಜಗಲಿಗೆ ಹೋಗಿ ಕೂತಳು. ನನಗೆ ಉರಿದುಹೋಯ್ತು. ಯಾರ ಮೇಲೆ ಅಂತ ಗೊತ್ತಾಗದೆ ಅತ್ತೆ ಮೇಲೆ ಹರಿಹಾಯ್ದೆ, "ಒಂದು ಅಳತೆ ನೆಟ್ಟಗೆ ಹೇಳೋಕೆ ಬರಲ್ವ ನಿಮಗೆ?"

ಅತ್ತೆ ಬಿಡ್ತಾರಾ? "ಏನೇ, ನನ್ನ ಕಣ್ಣು ಹೋಗೈತಾ? ಬೆರಳಿಟ್ಟು ನೋಡಿದೀನಿ. ಬೇಕಾದ್ರೆ ನೀನೇ ನೋಡ್ಕೊ ಬಾ!" ಅಂತ ಮಗಳನ್ನ ರಟ್ಟೆ ಹಿಡಿದು ತಂದು ಚೌಕಟ್ಟಿಗೆ ನಿಲ್ಲಿಸಿದರು. ನೋಡಿದೆ. ಹೋದ ಗೆರೆಗಿಂತ ಐದು ಬೆರಳು ಮೇಲೆ. ಅತ್ತೆ ಹೇಳಿದ್ದು ಸರಿಯಾಗೇ ಇತ್ತು. ಆದರೆ ಟೇಪು ತಗೊಂಡು ಹುಡುಗಿಯನ್ನೇ ಅಳೆದರೆ ಹಳೇ ಅಳತೆಗಿಂತ ಒಂದೇ ಬೆರಳು ಜಾಸ್ತಿ. ನನಗೆ ತಲೆ ಕೆಟ್ಟುಹೋಯ್ತು. ಚೌಕಟ್ಟು ಒಂದು ಹೇಳ್ತದೆ, ಟೇಪು ಒಂದು ಹೇಳ್ತದೆ.

ಅಷ್ಟರಲ್ಲಿ ಬಡಗಿ ಬಂದ. ಅವನೂ ನಮ್ಮನೆಯವರೂ ಸೇರಿ ಬಾಗಿಲು ಎತ್ತಿ ಚೌಕಟ್ಟಿಗೆ ಇಡೋಕೆ ಹೋದರು, ಅದು ಕೂರಲೇ ಇಲ್ಲ. ಆ ಬಾಗಿಲು ಮೊದಲು ಹೊಸ್ತಿಲಿನ ಒಳಮೈಗೆ ಆತುಕೊಂಡು ನೆಲದವರೆಗೂ ಇಳೀತಿತ್ತು. ಈಗ ಕೆಳಗೆ ನೆಲಕ್ಕೆ ತಾಗಿ, ಮೇಲೆ ಚೌಕಟ್ಟು ಮೀರಿ ನಿಂತಿತ್ತು.

"ಬಾಗಿಲು ಉದ್ದ ಮಾಡಿದೀಯಲ್ಲೋ!" ಅಂದರು ಇವರು.

"ಹೆಂಗ್ರೀ ಆಗತೈತಿ? ಮೊದ್ಲು ಕುಂತಿತ್ತಿಲ್ಲ? ಬಾಗಿಲು ಬೆಳದಿಲ್ರಿ, ನೆಲ ಎದ್ದೈತಿ. ಕೊಯ್ಯೂದಾ ಬ್ಯಾಡಾ ಹೇಳ್ರಿ."

ಕೊಯ್ದ. ಕೆಳಗಿನಿಂದ ಒಂದು ಪಟ್ಟಿ ಬಿತ್ತು. ನಾನು ಎತ್ತಿಕೊಂಡು ನೋಡಿದೆ, ನಾಲ್ಕು ಬೆರಳು. ಒಳಗೆ ಹೋಗಿ ಎಸೆದ ಲಂಗ ತಂದು, ಹುಡುಗಿಯ ಸೊಂಟಕ್ಕೆ ಹಿಡಿದು, ನೆಲದ ಮೇಲೆ ಹೊರಳೋ ಅಂಚಿನ ಪಕ್ಕ ಆ ಮರದ ಪಟ್ಟಿ ಇಟ್ಟೆ. ಸರಿಯಾಗಿ ಅಷ್ಟೇ. ನೆಲ ನಾಲ್ಕು ಬೆರಳು ಏರಿತ್ತು, ನನ್ನ ಮಗಳು ಏರಿದ ನೆಲದ ಮೇಲೆ ನಿಂತಿದ್ದಳು, ನಾನು ಆ ನೆಲವನ್ನೂ ಸೇರಿಸಿ ಲಂಗ ಹೊಲಿದಿದ್ದೆ. ಮಣ್ಣು ತುಂಬಿಸಿದ್ದು ನಮ್ಮ ದುಡಿಮೆಯಲ್ಲೇ, ಎದುರು ನಿಂತು ನೋಡಿದ್ದು ಅತ್ತೆಯೇ. ಒಬ್ಬರಿಗಾದರೂ ಹೊಳೀಬೇಕಲ್ಲ!

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗೋಕೆ ಶುರು ಮಾಡಿದರು. ಇವರೂ ನಕ್ಕರು, ಬಡಗಿಯೂ ನಕ್ಕ. ನನಗೆ ನಗು ಬರಲಿಲ್ಲ. ಎಲ್ಲೋ ಇರೋ ಮುಖ ಗೊತ್ತಿಲ್ಲದ ಮಕ್ಕಳಿಗೆ ಒಂದು ಎಳೆ ತಪ್ಪದ ಹಾಗೆ ಹೊಲೀತಿದ್ದವಳು ನಾನು.

ಲಂಗ ತಗೊಂಡು ಜಗಲಿಯಲ್ಲಿ ಕೂತು ಕೈಯಲ್ಲೇ ಟಕ್ ಹಾಕೋಕೆ ಶುರು ಮಾಡಿದೆ. ಮಗಳು ಪಕ್ಕಕ್ಕೆ ಬಂದು ಕೂತಳು, ಕೋಪ ಇಳಿದಿತ್ತು. ಮರದ ಪಟ್ಟಿಯನ್ನ ತೊಡೆ ಮೇಲಿಟ್ಟುಕೊಂಡು ಆಟ ಆಡ್ತಿದ್ದಳು.

"ಕತ್ತರಿಸಿಬಿಡು, ಬಾಗಿಲು ಕತ್ತರಿಸಿದಂಗೆ" ಅಂದಳು.

"ಬಟ್ಟೆ ಕತ್ತರಿಸಬಾರದು ಕಣೆ. ಒಳಗೆ ಮಡಿಚಿ ಇಡೋದು. ನೀನು ಉದ್ದ ಆದಂಗೆ ಸ್ವಲ್ಪ ಸ್ವಲ್ಪ ಬಿಚ್ಚೋದು."

"ಬಿಚ್ಚೋರ್ಯಾರು? ಅಜ್ಜಿಗೆ ದಾರ ಕಾಣಲ್ಲ" ಅಂದಳು. ಚುಚ್ಚಬೇಕು ಅಂತ ಅಂದಿದ್ದಲ್ಲ. ನಾಳೆ ಸ್ಕೂಲಿಗೆ ಯಾರು ಬಿಡ್ತಾರೆ ಅಂತ ಕೇಳಿದ ಹಾಗೆ ಕೇಳಿದಳು.

ನನ್ನ ಸೂಜಿ ನಿಂತುಹೋಯ್ತು.

ಹೊರಡೋ ದಿನ ಬ್ಯಾಗು ಕಟ್ಟಿ ಆಗಿತ್ತು. ನಮ್ಮನೆಯವರು ನಡುಮನೆಯಲ್ಲಿ ನಿಂತು ತಲೆ ಓರೆ ಮಾಡಿ, "ಲೇ, ಮುಂದಿನ ಯುಗಾದಿಗೆ ಈ ಗೋಡೆ ಒಡೆದು ಆರ್ಚ್ ಮಾಡಿಬಿಡೋಣ, ಏನಂತೀಯ?" ಅಂದರು.

"ಮನೆ ಮುಗೀತು" ಅಂದೆ.

ಅವರು ಸುತ್ತ ನೋಡಿದರು. ಹಿಂದಿನ ಗೋಡೆಗೆ ಗಾರೆ ಇರಲಿಲ್ಲ, ಕಿಟಕಿಗೆ ಬಾಗಿಲಿರಲಿಲ್ಲ, ಬಲ್ಬು ವೈರಿನಲ್ಲಿ ನೇತಾಡ್ತಿತ್ತು. "ಎಲ್ಲೇ ಮುಗೀತು? ತಲೆ ನೆಟ್ಟಗೈತಾ?"

"ನಿಮಗೆ ಮುಗಿಯದೇ ಇರಬಹುದು, ನನಗೆ ಮುಗೀತು. ನೀವು ಹೋಗಿ ಬನ್ನಿ. ಬರುವಾಗ ಒಂದು ಮಿಷಿನ್ ನೋಡ್ಕೊಂಡು ಬನ್ನಿ, ಹಳೇದಾದರೂ ಪರವಾಗಿಲ್ಲ. ಊರವರ ರವಿಕೆ, ಸ್ಕೂಲ್ ಮಕ್ಕಳ ಯೂನಿಫಾರ್ಮ್ ಹೊಲಿದುಕೊಂಡು ಇರ್ತೀನಿ."

ಜಗಳ ಆಯ್ತು, ಆಗಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ. ಬಸ್ ಸ್ಟಾಪಿನವರೆಗೂ ಆಯ್ತು. ಕಂಡಕ್ಟರು "ಎಕ್ಕಂಡಿ, ಎಕ್ಕಂಡಿ" ಅಂತ ತೆಲುಗಿನಲ್ಲಿ ಹತ್ತೋಕೆ ಕೂಗಿದಾಗ ಅವರು ನನ್ನ ಬ್ಯಾಗು ಕೆಳಗಿಟ್ಟು ತಮ್ಮದೊಂದನ್ನೇ ಹೆಗಲಿಗೆ ಹಾಕ್ಕೊಂಡು ಹತ್ತಿದರು. ಮಗಳು ನನ್ನ ಸೆರಗನ್ನ ಕೈಗೆ ಸುತ್ತಿಕೊಂಡು ನಿಂತಿದ್ದಳು. ಬಸ್ಸು ತಿರುವು ದಾಟಿ ಹೋದ ಮೇಲೂ ಬಿಡಲಿಲ್ಲ.

ಆ ಕಿಟಕಿಗೆ ಇವತ್ತಿಗೂ ಬಾಗಿಲಿಲ್ಲ, ಬಟ್ಟೆ ಕಟ್ಟಿದೀನಿ. ಹೊಸ ನೆಲದಿಂದ ಹಿಡಿದು ಚೌಕಟ್ಟಿನ ಮೇಲೆ ಬೇರೆ ಗೆರೆ ಎಳೆದೆ. ಮುಂದಿನ ಯುಗಾದಿಗೆ ಮಗಳನ್ನ ಅಲ್ಲಿ ನಿಲ್ಲಿಸಿ ನೋಡಿ, ಲಂಗದ ಟಕ್ ನಾನೇ ಬಿಚ್ಚಿದೆ. ಬಿಚ್ಚಬೇಕಾಗಿದ್ದು ಒಂದೇ ಬೆರಳು.