ಮೇ ತಿಂಗಳಲ್ಲಿ ಡಿಸೆಂಬರಿನ ತಾಲೀಮು

ಮಿರಜದ ರತ್ನಾಬಾಯಿಗೆ ಜೀವಮಾನದಲ್ಲಿ ಇದ್ದ ವೈರಿ ಒಬ್ಬನೇ. ಅವನು ದಿನಾ ಸಂಜೆ ಮುಳುಗುತ್ತಿದ್ದ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಅಗುಳು ಹಾಕಬಾರದೆಂಬುದು ಜೈನ ಮನೆಗಳ ಹಳೆಯ ನೇಮ. ಉಳಿದವರು ಅದನ್ನು ಪಾಲಿಸುತ್ತಾರೆ, ರತ್ನಾಬಾಯಿ ಅದಕ್ಕಾಗಿ ಯುದ್ಧ ಮಾಡುತ್ತಾಳೆ. ಮಗ ಬಾಹುಬಲಿಯ ಮದುವೆಯಲ್ಲಿ ಫೋಟೋದವನು ಮದುಮಕ್ಕಳನ್ನು ಬಿಡದೆ ನಿಲ್ಲಿಸಿಕೊಂಡಿದ್ದಾಗ ಕ್ಯಾಮೆರಾಕ್ಕೆ ಅಡ್ಡ ನಿಂತು ಇಡೀ ಬೀಗರ ಪಡೆಯನ್ನು ಪಂಕ್ತಿಗೆ ಅಟ್ಟಿದ ಸೇನಾನಿ ಆಕೆ. ಆ ಆಲ್ಬಮ್ಮಿನಲ್ಲಿ ಇಂದಿಗೂ ಒಂದು ಪುಟದ ತುಂಬ ಆಕೆಯ ಬೆನ್ನೇ ಇದೆ.

ಅಂಥ ರತ್ನಾಬಾಯಿ ಈ ಮೇ ತಿಂಗಳಲ್ಲಿ ನಡುಗಿದಳು. ಮೊಮ್ಮಗಳು ವೃಷಾಲಿ ಜೂನಿನಿಂದ ಎಂಟನೆಯ ಇಯತ್ತೆಗೆ ಸಾಂಗ್ಲಿಯ ದೊಡ್ಡ ಹೈಸ್ಕೂಲಿಗೆ ಹೋಗುವವಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸೊಸೆ ಪ್ರಣಿತಾ ಓಡಾಡಿ ಸೀಟು ಗಿಟ್ಟಿಸಿದ್ದಳು. ಮನೆಯವರೆಲ್ಲ ಪುಸ್ತಕ, ಬೂಟು, ಯುನಿಫಾರ್ಮಿನ ಅಳತೆ ಎಂದು ಗಡಿಬಿಡಿಯಲ್ಲಿದ್ದರೆ ರತ್ನಾಬಾಯಿ ಕೇಳಿದ್ದು ಒಂದೇ: ಶಾಲೆ ಬಿಡುವುದು ಎಷ್ಟಕ್ಕೆ? ಮಧ್ಯಾಹ್ನದ ಪಾಳಿ, ಐದೂವರೆಗೆ ಎಂದರು. ಆಕೆ ಗೋಡೆಯ ಕ್ಯಾಲೆಂಡರ್ ಇಳಿಸಿ, ಪುಟ ಮಗುಚುತ್ತ ಮಗುಚುತ್ತ ಡಿಸೆಂಬರಿಗೆ ಬಂದವಳು ಅಲ್ಲೇ ನೆಲಕ್ಕೆ ಕೂತಳು. ಚಳಿಗಾಲದಲ್ಲಿ ಸೂರ್ಯ ಆರರ ಸುಮಾರಿಗೇ ಕೈಕೊಡುತ್ತಾನೆ. ಶಾಲೆ ಬಿಟ್ಟು, ಬಸ್ಸು ಸಿಕ್ಕು, ಕುಪವಾಡದ ಕಾರಖಾನೆಗಳ ಪಾಳಿ ಬಿಟ್ಟ ಗದ್ದಲದಲ್ಲಿ ತೆವಳಿ ಮಿರಜ ಮುಟ್ಟುವಷ್ಟರಲ್ಲಿ ಕತ್ತಲೆ.

"ಅವ್ವಾ, ಈಗಿನ್ನೂ ಮೇ ಐತಿ," ಎಂದ ಬಾಹುಬಲಿ. "ಡಿಸೆಂಬರಿಗೆ ಈಗ್ಲೇ ಯಾಕ ಅಂಜ್ತಿ?"

"ಡಿಸೆಂಬರ ನಿನ್ನ ಕೇಳಿ ಬರ್ತೈತೇನ?"

ಪ್ರಣಿತಾ ಸುಲಭದ ದಾರಿ ಹೇಳಿದಳು: ಬೆಳೆಯುವ ಹುಡುಗಿ, ಶಾಲೆಯ ದಿನಗಳ ಮಟ್ಟಿಗೆ ನೇಮ ಬಿಡಲಿ. ಆದರೆ ಹೋದ ಚಾತುರ್ಮಾಸದಲ್ಲಿ ಮುನಿಮಹಾರಾಜರ ಮುಂದೆ ಕೈಮುಗಿದು ನೇಮ ಹಿಡಿದವಳು ವೃಷಾಲಿಯೇ. ಯಾರೂ ಹೇಳಿಕೊಟ್ಟಿರಲಿಲ್ಲ. ಅಂದು ಹಿಗ್ಗಿ ಓಣಿಯ ತುಂಬ ಪೇಢೆ ಹಂಚಿದ್ದ ರತ್ನಾಬಾಯಿಗೆ ಈಗ ಆ ಪೇಢೆಯೇ ಗಂಟಲಲ್ಲಿ ಸಿಕ್ಕಿಕೊಂಡಂತಾಗಿತ್ತು. ಹುಡುಗಿ ಹೊಸ ಗೆಳತಿಯರ ಸಂಗಡ ಕತ್ತಲಲ್ಲಿ ಗಾಡಿಯ ಭೇಳಪುರಿ ತಿಂದು ಬಂದು ಮನೆಯಲ್ಲಿ ಸುಳ್ಳು ಹೇಳಲು ಕಲಿಯುತ್ತಾಳೆ ಎಂಬುದು ಆಕೆಯ ಭಯ. ಸಾಂಗ್ಲಿಯ ಪ್ರತಿಯೊಂದು ಭೇಳದ ಗಾಡಿಯ ಹಿಂದೆಯೂ ಒಂದೊಂದು ಸುಳ್ಳು ಹೊಂಚು ಹಾಕಿ ಕೂತಂತೆ ಕಾಣುತ್ತಿತ್ತು.

ಸೇನಾನಿ ತಾಲೀಮಿಗೆ ಆಜ್ಞೆ ಹೊರಡಿಸಿದಳು. ಮೇ ತಿಂಗಳ ಒಂದು ಸಂಜೆಯನ್ನು ಡಿಸೆಂಬರ್ ಎಂದು ಘೋಷಿಸಲಾಯಿತು. ಅಜ್ಜಿ, ಮೊಮ್ಮಗಳು ಹೊಸ ದಫ್ತರದ ಚೀಲ ಸಮೇತ ಸಾಂಗ್ಲಿಗೆ ಹೋಗಿ, ಬೀಗ ಹಾಕಿದ ಶಾಲೆಯ ಗೇಟಿನ ಮುಂದೆ ನಿಂತು, ಬಾರಿಸದ ಗಂಟೆ ಕೇಳಿಸಿದ ಕೂಡಲೇ ದಂಡಯಾತ್ರೆ ಹೊರಟರು. ಮೊದಲ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಎರಡನೆಯದು ವಿಶ್ರಾಮಬಾಗದ ಹತ್ತಿರ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿ ಮದುವೆಯ ಮೆರವಣಿಗೆಯಂತೆ ನಡೆಯಿತು. ರತ್ನಾಬಾಯಿ ಕಿಟಕಿಯಿಂದ ಸೂರ್ಯನನ್ನು ನೋಡಿ ಹಲ್ಲು ಕಡಿದಳು. ಮೇ ತಿಂಗಳ ಸೂರ್ಯ ತನ್ನ ಮೇಲಿನ ಆಪಾದನೆಯ ಅರಿವಿಲ್ಲದೆ ನಿಶ್ಚಿಂತೆಯಿಂದ ಉರಿಯುತ್ತಿದ್ದ.

ಮನೆ ಮುಟ್ಟಿದಾಗ ಗಡಿಯಾರ ಡಿಸೆಂಬರಿನ ಗಡಿ ದಾಟಿತ್ತು, ಹಿತ್ತಲ ಗೋಡೆಯ ಮೇಲೆ ಬಿಸಿಲು ಇನ್ನೂ ಇತ್ತು. ತಟ್ಟೆಯಲ್ಲಿ ಚಪಾತಿ, ಹೆಸರುಕಾಳಿನ ಪಲ್ಯ. ಝಳಕ್ಕೆ ಬಾಡಿ ಹಸಿದು ಬಂದ ಹುಡುಗಿ ತಟ್ಟೆಯ ಮುಂದೆ ಕೂತಳು. ಹೊತ್ತು ಮುಳುಗಿಹೋಯಿತು, ಊಟವಿಲ್ಲ ಎಂದು ರತ್ನಾಬಾಯಿ ತಾಲೀಮಿನ ನಿಯಮದಂತೆ ಸಾರಿದಳು. ಹುಡುಗಿ ಗೋಳಾಡಬೇಕು, ಬೇಡಬೇಕು, ಆಗ ನಗುತ್ತ ಉಣ್ಣಿಸಿ ನಾಲ್ಕು ಬುದ್ಧಿಮಾತು ಹೇಳಬೇಕು ಎಂಬುದು ಆಕೆ ಹೂಡಿದ್ದ ವ್ಯೂಹ.

ವೃಷಾಲಿ ಬೇಡಲಿಲ್ಲ. ತಟ್ಟೆಗೆ ಮುಚ್ಚಳ ಮುಚ್ಚಿ, ಎದ್ದು ಹೋಗಿ, ಗೋಡೆಗೆ ಮುಖ ಮಾಡಿ ಮಲಗಿದಳು.

ರತ್ನಾಬಾಯಿಗೆ ಆಗ ಹೊಳೆಯಿತು. ಇಷ್ಟು ದಿನ ತಾನು ಕಾವಲು ಕಾದದ್ದು ತಪ್ಪು ಬಾಗಿಲಲ್ಲಿ. ಈ ಹುಡುಗಿ ಸುಳ್ಳು ಹೇಳುವವಳಲ್ಲ. ಹಸಿದು ಮಲಗುವವಳು, ಇಡೀ ಚಳಿಗಾಲ, ಯಾರಿಗೂ ತಿಳಿಯಗೊಡದೆ. ದಿಂಬಿನ ಮೇಲಿದ್ದ ಆ ಮಣಿಕಟ್ಟು ಈಗಲೇ ಕಡ್ಡಿಯಂತಿತ್ತು.

"ಏಳವ್ವಾ, ಹೊತ್ತು ಇನ್ನೂ ಐತಿ. ಉಣ್ಣು."

"ಡಿಸೆಂಬರ್ ಅಂದಿದ್ರಿ, ಆಜಿ."

"ಡಿಸೆಂಬರ ಹಾಳಾಗ್ಲಿ. ಬಿಸಿಲು ನೋಡಿಲ್ಲಿ."

"ಖರೇ ಡಿಸೆಂಬರ್ ಬಂದಾಗ?"

ಸೇನಾನಿ ಹಾಸಿಗೆಯ ಪಕ್ಕಕ್ಕೆ ಸರಿದಳು. ಮೊಮ್ಮಗಳ ಪಾದ ನೀವುತ್ತ ಕೂತಳು. ನಾಳೆಯೊಳಗೆ ದಾರಿ ಹುಡುಕುತ್ತೇನೆಂದು ಆಣೆ ಮಾಡಿದ ಮೇಲಷ್ಟೇ ಹುಡುಗಿ ಎದ್ದು ಉಂಡಳು.

ದಾರಿ ಇದ್ದದ್ದು ಒಂದೇ, ಅದೂ ನಾಚಿಕೆಗೇಡಿನದು: ಬಸ್ಸಿನಲ್ಲೇ ಉಣ್ಣುವುದು. ಓಡುವ ಗಾಡಿಯಲ್ಲಿ, ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಕಂಡವರ ಕಣ್ಣೆದುರು! ರತ್ನಾಬಾಯಿಯ ಪಾಲಿಗೆ ಅದು ಊಟವಲ್ಲ, ಮನೆತನದ ಮರ್ಯಾದೆಯ ಹರಾಜು. ಅದನ್ನು ಹೇಳಿದಾಗ ವೃಷಾಲಿಯ ಮುಖವೂ ಬಿಳುಚಿತು. ಶಾಲೆಯ ಹುಡುಗಿಯರೆಲ್ಲ ಅದೇ ಬಸ್ಸಿಗೆ ಬರುವವರು, ನಗುತ್ತಾರೆ, ಹೆಸರಿಡುತ್ತಾರೆ, ಇಟ್ಟ ಹೆಸರು ಹತ್ತನೆಯವರೆಗೂ ಹೋಗುವುದಿಲ್ಲ. ಅದಕ್ಕಿಂತ ಉಪವಾಸವೇ ವಾಸಿ ಎಂದಳು.

ಮರುದಿನ ಎರಡನೆಯ ತಾಲೀಮು, ಮೊದಲು ತಾನೇ ಉಂಡು ತೋರಿಸುವುದೆಂದು ಅಜ್ಜಿಯ ನಿಶ್ಚಯ. ಬಸ್ಸು ಕಿಕ್ಕಿರಿದಿತ್ತು. ಸೀಟಿನಲ್ಲಿ ಮೊಮ್ಮಗಳ ಪಕ್ಕ ಕೂತ ರತ್ನಾಬಾಯಿ ಡಬ್ಬಿ ತೆಗೆದು ತಲೆಯೆತ್ತಿದರೆ ಎದುರಿಗೆ ಕಂಬ ಹಿಡಿದು ನಿಂತವರು ಬೇರೆ ಯಾರೂ ಅಲ್ಲ, ಬಸದಿಯ ಪಂಚರಲ್ಲೊಬ್ಬರಾದ ರಾವಸಾಬರು. ಕೈಯಲ್ಲಿದ್ದ ಮುಚ್ಚಳ ಜಾರಿ ಠಣ್ಣೆಂದು ಕೆಳಗೆ ಬಿತ್ತು. ಇಡೀ ಬಸ್ಸು ತಿರುಗಿ ನೋಡಿತು. ಆಕೆ ಕಣ್ಣು ಮುಚ್ಚಿ, ವಿಷದ ಬಟ್ಟಲು ಎತ್ತುವವಳಂತೆ, ಚಪಾತಿಯ ಸುರುಳಿ ಬಾಯಿಗಿಟ್ಟಳು.

"ಏನ್ರಿ ರತ್ನಾಬಾಯಿ, ಮನ್ಯಾಗ ಒಲಿ ಹಚ್ಚಿಲ್ಲೇನ್ರಿ?" ಎಂದರು ರಾವಸಾಬರು.

ವೃಷಾಲಿ ಕಿಟಕಿಗೆ ಮುಖ ತಿರುಗಿಸಿದಳು. ರತ್ನಾಬಾಯಿ ತುತ್ತು ನುಂಗಿದಳು.

"ಹಚ್ಚೇವ್ರಿ. ಹೊತ್ತು ಮುಳುಗಾಕ ಬಂತು, ಅದಕ್ಕ ಇಲ್ಲೇ ಕುಂತೇನಿ. ಡಿಸೆಂಬರ್ ಅಲ್ಲೇನ್ರಿ?"

ಬಸ್ಸಿಗೆ ಬಸ್ಸೇ ನಕ್ಕಿತು. ಹುಡುಗಿ ಅಂಜಿದ್ದು ಇದೇ ನಗುವಿಗೆ, ಅದು ಬಂದೇ ಬಿಟ್ಟಿತ್ತು. ರತ್ನಾಬಾಯಿಯ ಕಿವಿ ಕೆಂಡವಾಯಿತು, ಆದರೂ ಎರಡನೆಯ ತುತ್ತು ಮುರಿದಳು. ನಗು ಒಂದೆರಡು ಸ್ಟಾಪು ದಾಟುವುದರೊಳಗೆ ದಣಿದು ಜನ ತಮ್ಮ ತಮ್ಮ ಮೊಬೈಲಿಗೆ ತಿರುಗಿದರು.

ಆಗ ಡಬ್ಬಿಯೊಳಗೆ ಒಂದು ಸಣ್ಣ ಕೈ ಬಂತು. ವೃಷಾಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಒಂದು ಚೂರು ಮುರಿದುಕೊಂಡಳು, ಮತ್ತೊಂದು ಚೂರಿಗೆ ಕೈ ಹಾಕಿದಳು. ರತ್ನಾಬಾಯಿ ಆ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಹೊಟ್ಟೆ ತುಂಬಿ ಬಿರಿಯುತ್ತಿತ್ತು, ಆದರೆ ತಾನು ನಿಲ್ಲಿಸಿದರೆ ಹುಡುಗಿಯೂ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬ ಭಯಕ್ಕೆ, ಮಿರಜದ ಸ್ಟ್ಯಾಂಡ್ ಬರುವವರೆಗೂ ಅಗಿಯುತ್ತಲೇ ಇದ್ದಳು.