ಜಿದ್ದಿ ಗಾಲಿಯ ಉಸ್ತಾದರು

ನಮ್ಮ ಸೈಕಲ್ ಉಸ್ತಾದರ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ಒಂದೂವರೆ ಪಟ್ಟು ದಪ್ಪ ಇತ್ತು. ಚೈನಿಗೆ ಸಿಕ್ಕೀತೆಂದು ಪೈಜಾಮದ ಬಲಗಾಲನ್ನು ಯಾವಾಗಲೂ ಮೊಣಕಾಲಿನತನಕ ಮಡಚಿರುತ್ತಿದ್ದರು. ಹಾಗಾಗಿ ಕೋಟೆಯ ಕಡೆ ಹೋಗಿಬರುವವರಿಗೆಲ್ಲ ಆ ಮೀನಖಂಡದ ದರ್ಶನ ಪುಕ್ಕಟೆ. ಅದು ಹಾಗೆ ಬೆಳೆಯಲು ಕಾರಣ ಅವರ ಸ್ವಂತ ಸೈಕಲ್ಲು. ಅದಕ್ಕೆ ಎಡಗಡೆ ಪೆಡಲೇ ಇರಲಿಲ್ಲ, ಬರೀ ಒಂದು ಕಬ್ಬಿಣದ ಸರಳು. ಊರಿಗೆಲ್ಲ ಪೆಡಲು ಹಾಕಿಕೊಡುವವರು ತಮ್ಮದಕ್ಕೆ ಯಾಕೆ ಹಾಕಿಕೊಳ್ಳಲಿಲ್ಲ ಎಂದು ಕೇಳಿದರೆ, “ಬಲಗಾಲು ತಕರಾರು ಮಾಡಿಲ್ಲಲ್ಲ, ಎಡಗಾಲಿಗೆ ಯಾಕ ತ್ರಾಸ?” ಅನ್ನುತ್ತಿದ್ದರು.

ಇದು ನಲವತ್ತೊಂಬತ್ತರ ಮಾತು. ಆಗಿನ್ನೂ ನಮ್ಮ ಬಸವಕಲ್ಯಾಣ ಬರೀ ಕಲ್ಯಾಣಿ. ಹಿಂದಿನ ವರ್ಷದ ಪೊಲೀಸ್ ಕಾರ್ಯಾಚರಣೆಯ ಗದ್ದಲದ ಮೇಲೆ ಉಸ್ತಾದರ ತಮ್ಮ ಮನೆ ಖಾಲಿ ಮಾಡಿ ಹೈದರಾಬಾದಿಗೆ ಹೋಗಿದ್ದ. ಇವರನ್ನೂ ಕರೆದಿದ್ದನಂತೆ. “ಹೈದರಾಬಾದಿನಾಗ ಸೈಕಲ್ ದುಕಾನ ಸಾವಿರ ಅವ. ಇಲ್ಲಿ ನಂದೊಂದೇ. ನಾ ಹೋದ್ರ ಇಲ್ಲಿ ಗಾಳಿ ಯಾರು ಹೊಡೀಬೇಕು?” ಎಂದು ಪಂಪು ಒತ್ತುತ್ತಲೇ ಹೇಳಿದ್ದರು. ಆ ವಿಷಯದಲ್ಲಿ ಅವರ ಬಾಯಿಂದ ನಾನು ಕೇಳಿದ್ದು ಅಷ್ಟೇ.

ಅಂಗಡಿಯ ಮಾಳಿಗೆಯ ತೊಲೆಗೆ ಗಾಲಿಗಳನ್ನು ತೂಗುಹಾಕಿರುತ್ತಿದ್ದರು. ಹೊಳೆಯುವ ರಿಮ್ಮಿನ ಹಗುರ ಗಾಲಿಗಳು ಮುಂದೆ, ತುಕ್ಕು ಬಣ್ಣದ ದಪ್ಪ ಗಾಲಿಗಳು ಹಿಂದೆ. ಬಾಡಿಗೆಗೆ ಸೈಕಲ್ ಕೇಳಿದವರಿಗೆ ಮೂರು ಪ್ರಶ್ನೆ: ಎಲ್ಲಿಗೆ? ಹಿಂದ ಏನು ಕಟ್ಟೀರಿ? ವಾಪಸು ಯಾವಾಗ? ಉತ್ತರ ಕೇಳಿಕೊಂಡು ಗಾಲಿಯನ್ನು ಅವರೇ ಆರಿಸುತ್ತಿದ್ದರು, ಗಿರಾಕಿಗೆ ಅದರಲ್ಲಿ ಮಾತಿರಲಿಲ್ಲ. ಹೊಸದಾಗಿ ಮದುವೆಯಾದವನೊಬ್ಬ ಮಂಠಾಳದ ಅತ್ತೆಮನೆಗೆ ಬೆಲ್ಲದ ಪೆಂಟಿ ಒಯ್ಯಲು ಬಂದು, ಹೊಳೆಯುವ ಗಾಲಿಯೇ ಬೇಕೆಂದು ಹಟ ಹಿಡಿದ. ಉಸ್ತಾದರು ತುಕ್ಕಿನ ಗಾಲಿಯನ್ನೇ ಜೋಡಿಸಿಕೊಟ್ಟು, “ಅತ್ತಿ ಮನಿಯವರು ಗಾಲಿ ನೋಡಂಗಿಲ್ಲಪಾ, ಬೆಲ್ಲ ನೋಡ್ತಾರ” ಎಂದು ಕಳಿಸಿದರು.

ಅವರ ಲೆಕ್ಕದಲ್ಲಿ ಹಿಂದಿನ ಗಾಲಿಗೆ ಎರಡೇ ಜಾತಿ. ಕಾಲು ನಿಲ್ಲಿಸಿದರೂ ಕಟಕಟ ಎನ್ನುತ್ತ ತಾನೇ ಉರುಳುವುದು ಆರಾಮ ಗಾಲಿ. ಗಾಲಿ ತಿರುಗುವ ತನಕ ಪೆಡಲೂ ತಿರುಗಲೇಬೇಕು, ಕಾಲಿಗೆ ಒಂದು ಗಳಿಗೆಯೂ ರಜೆ ಇಲ್ಲ ಅನ್ನುವುದು ಜಿದ್ದಿ ಗಾಲಿ. ಊರಿಗೆಲ್ಲ ಆರಾಮ ಗಾಲಿ ಕೊಟ್ಟು ತಾವು ಮಾತ್ರ ಜಿದ್ದಿ ಗಾಲಿ ಇಟ್ಟುಕೊಂಡಿದ್ದರು.

ನಾನು ಅವರ ಕೈಗೆ ಬಿದ್ದದ್ದು ನೌಕರಿಯ ಸಲುವಾಗಿ. ನಿಜಾಮರ ಕಾಲಕ್ಕೆ ಎಲ್ಲ ಉರ್ದುವಿನಲ್ಲೇ ಓದಿದ ನಮ್ಮ ಸೀಮೆಯಲ್ಲಿ ಆಗಷ್ಟೇ ಕನ್ನಡ ಶಾಲೆಗಳು ತೆರೆಯುತ್ತಿದ್ದವು. ಮಾಸ್ತರರು ಬೇಕಾಗಿದ್ದರು. ಆರಿಸುವ ಸಾಹೇಬರು ಹುಮನಾಬಾದಿಗೆ ಬರುತ್ತಾರೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಜರಿರಬೇಕು, ತಡವಾದರೆ ಹೆಸರು ಕರೆಯುವುದಿಲ್ಲ ಎಂದು ಕಾಗದ ಬಂತು. ಹದಿನೈದು ದಿನ ಸಮಯವಿತ್ತು. ಹುಮನಾಬಾದು ಇಪ್ಪತ್ತು ಮೈಲಿ. ಮೋಟಾರು ಬರುವುದು ಮಧ್ಯಾಹ್ನಕ್ಕೆ, ಅದೂ ಅದರ ಮನಸ್ಸಿಗೆ ಬಂದರೆ. ಈ ನೌಕರಿ ತಪ್ಪಿದರೆ ಸೋಲಾಪುರದ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಜನ್ಮ ಕಳೆಯುವುದು ಎಂದು ಮನೆಯಲ್ಲಿ ಗೊತ್ತುಮಾಡಿಟ್ಟಿದ್ದರು. ಮಾವ ಒಳ್ಳೆಯವನೇ. ಆದರೆ ಮಾತಿಗೊಮ್ಮೆ ನನ್ನ ಬೆನ್ನು ತಟ್ಟುತ್ತಿದ್ದ, ಅದೂ ಜೋರಾಗಿ.

ಹಿಂದಿನ ದಿನವೇ ಹೋಗಿ ಉಳಿಯಬಹುದಿತ್ತಲ್ಲ ಎಂದು ಕೇಳಬೇಡಿ. ಪರಊರಿನಲ್ಲಿ ನನಗೆ ನಿದ್ದೆ ಬರುವುದಿಲ್ಲ. ಬಂದರೆ ಏಳುವುದಿಲ್ಲ. ಇವೆರಡಕ್ಕೂ ಒಟ್ಟಿಗೆ ಹೆದರುವ ಶಕ್ತಿ ನನಗೆ ಇಪ್ಪತ್ತನೇ ವಯಸ್ಸಿಗೇ ಬಂದಿತ್ತು. ಈಗ ನಲವತ್ತೇಳು, ಇನ್ನೂ ಚೆನ್ನಾಗಿಯೇ ಇದೆ.

“ಬರ್ರಿ ಮಾಸ್ತರ್ ಸಾಬ್” ಎಂದರು ಉಸ್ತಾದರು, ನೌಕರಿ ಸಿಗುವ ಮೊದಲೇ. ಖುಷಿಯಲ್ಲಿದ್ದಾಗ ಅವರು ನನಗೆ ಬಹುವಚನ ಹಚ್ಚುತ್ತಿದ್ದರು. ಸಿಟ್ಟು ಬಂದರೆ ತಕ್ಷಣ ಏಕವಚನ. ದಿನಾ ಮುಂಜಾನೆ ನಾರಾಯಣಪುರದ ತನಕ ಓಡಿಸಿದರು. ಎರಡನೇ ವಾರ ಮಂಠಾಳದ ದಾರಿ. ಪಕ್ಕದಲ್ಲಿ ತಮ್ಮ ಒಂಟಿ ಪೆಡಲಿನ ಸೈಕಲ್ಲು ತುಳಿಯುತ್ತ ಬುದ್ಧಿ ಹೇಳುವುದು. “ನೀರಡಿಕಿ ಆಗೋಕಿಂತ ಮೊದಲು ನೀರು ಕುಡೀರಿ.” “ಕಪಾಳಕ್ಕ ಗಾಳಿ ಹೊಡೀತದಂದ್ರ ಸೊಂಟ ಬಗ್ಗಿಸ್ರಿ, ಮರ್ಯಾದಿ ಹೋಗಂಗಿಲ್ಲ.” “ಇನ್ನೆಷ್ಟು ದೂರ ಅಂತ ಯಾರಿಗೂ ಕೇಳಬ್ಯಾಡ್ರಿ. ನಡಕೊಂಡು ಹೋಗವ ಭಾಳ ಅದ ಅಂತಾನ, ಬಂಡ್ಯಾಗ ಕೂತವ ಇಲ್ಲೇ ಅದ ಅಂತಾನ. ಇಬ್ಬರದೂ ಸುಳ್ಳು.”

ನನ್ನ ಕಷ್ಟ ಏರು. ನಮ್ಮ ಕಡೆಯ ಏರನ್ನು ಘಟ್ಟದವರು ನೋಡಿದರೆ ನಕ್ಕಾರು. ಆದರೆ ಕೆಂಪು ಮೊರಮಿನ ರಸ್ತೆಯಲ್ಲಿ, ಮಣಭಾರದ ಸೈಕಲ್ಲಿನ ಮೇಲೆ ಕೂತವನಿಗೆ ಅದು ಹಿಮಾಲಯವೇ. ಏರು ದೂರದಲ್ಲಿ ಕಂಡರೆ ಸಾಕು, ನನ್ನ ಕಾಲು ಆಗಲೇ ಸೋತಿರುತ್ತಿತ್ತು. ಅರ್ಧಕ್ಕೆ ಇಳಿದು ತಳ್ಳುತ್ತಿದ್ದೆ.

“ಗುಡ್ಡ ನೋಡಬ್ಯಾಡ್ರಿ. ಗಾಲಿ ಮುಂದಿನ ಎರಡು ಮೊಳ ನೆಲ ನೋಡ್ರಿ. ಅಷ್ಟೇ ನಿಮ್ದು.”

“ಆಮ್ಯಾಲಿಂದು?”

“ಆಮ್ಯಾಲಿಂದು ಆಮ್ಯಾಲೆ. ಏನ್ ಓಡಿ ಹೋಗ್ತದೇನು ಅದು?”

ಭಾನುವಾರ ಸಂಜೆ ನನಗೊಂದು ಸೈಕಲ್ಲು ಸಜ್ಜು ಮಾಡಿದರು. ಆರಾಮ ಗಾಲಿ, ತುಕ್ಕಿನ ರಿಮ್ಮು. ಗಾಲಿಯನ್ನು ತಿರುಗಿಸಿ, ಒಂದೊಂದೇ ಕಡ್ಡಿಯನ್ನು ಹೆಬ್ಬೆರಳಿನಿಂದ ಮೀಟಿ ಕಿವಿಗೊಟ್ಟು ಕೇಳಿದರು. ಎಲ್ಲ ಕಡ್ಡಿಯ ದನಿ ಒಂದೇ ಆಗುವ ತನಕ ಬಿಗಿಯುವ ಚಾವಿ ತಿರುವುವುದು ಅವರ ಪದ್ಧತಿ. ಆ ಚಾವಿ ಹೆಬ್ಬೆರಳಿನಷ್ಟು ಉದ್ದದ ಒಂದು ಕಬ್ಬಿಣದ ತುಣುಕು, ಗೋಡೆಯ ಮೊಳೆಗೆ ತೂಗುತ್ತಿತ್ತು. “ಇನ್ನು ಇದಕ್ಕ ಕೈ ಹಚ್ಚಬ್ಯಾಡ್ರಿ, ಸೀದಾ ಹೋಗ್ರಿ” ಎಂದು ಹೇಳಿ ಒಳಗೆ ನಮಾಜಿಗೆ ಹೋದರು.

ಅವರು ಒಳಗೆ ಹೋದಾಗ ನಾನು ಆ ಚಾವಿಯನ್ನು ಕಿಸೆಗೆ ಹಾಕಿಕೊಂಡೆ. ಕದಿಯುವುದು ಉದ್ದೇಶವಲ್ಲ. ದಾರಿಯಲ್ಲಿ ಬೇಕಾದೀತು ಎಂಬ ಭಯ.

ಸೋಮವಾರ ಬೆಳಕು ಹರಿಯುವ ಮೊದಲು ಹೊರಟೆ. ಎಲ್ಲ ಸರಿಯಾಗಿಯೇ ಇತ್ತು, ಅದೇ ನನಗೆ ಸಂಶಯ ತಂದದ್ದು. ರಾಜೇಶ್ವರ ದಾಟಿ ಬೇವಿನ ಗಿಡದ ಕೆಳಗೆ ನೀರು ಕುಡಿಯಲು ಇಳಿದೆ. ಸುಮ್ಮನೆ ಒಂದು ಕಡ್ಡಿ ಮೀಟಿದೆ. ದನಿ ಸ್ವಲ್ಪ ಮಂದ ಅನ್ನಿಸಿತು. ಚಾವಿ ತೆಗೆದು ಬಿಗಿದೆ. ಈಗ ಅದೇ ಬದಿಯ ಮುಂದಿನದು ಮಂದ ಅನ್ನಿಸಿತು, ಅದನ್ನೂ ಬಿಗಿದೆ. ಹೀಗೆ ಹನ್ನೊಂದು ಕಡ್ಡಿಗೆ ಶ್ರುತಿ ಕೂಡಿಸಿ, ಸಮಾಧಾನದಿಂದ ಗಾಲಿ ತಿರುಗಿಸಿದರೆ ಅದು ಹಪ್ಪಳದ ಹಾಗೆ ಒಂದು ಕಡೆ ವಾಲಿ, ಕೈಯಿಟ್ಟು ತಳ್ಳಿದರೂ ತಿರುಗದಂತೆ ಸಿಕ್ಕಿಕೊಂಡಿತು. ಸರಿಮಾಡಲು ಹೋದಷ್ಟೂ ಕೆಟ್ಟಿತು. ಬಿಸಿಲು ಏರುತ್ತಿತ್ತು. ಸೋಲಾಪುರದ ಮಾವನ ಕೈ ಬೆನ್ನಿಗೆ ಬಿದ್ದ ಹಾಗಾಯಿತು.

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಆ ದಪ್ಪ ಮೀನಖಂಡ ಕಂಡಿತು.

ಉಸ್ತಾದರು ಇಳಿದವರು ನನ್ನನ್ನು ನೋಡಲಿಲ್ಲ, ಗಾಲಿ ನೋಡಿದರು. ಕೈ ಚಾಚಿದರು. ನಾನು ಚಾವಿ ಇಟ್ಟೆ.

“ಮುಂಜಾನಿ ಮೊಳೆ ಖಾಲಿ ಇತ್ತು. ಆಗಲೇ ತಿಳೀತು, ನೀ ಎಲ್ಲೋ ಕೂತು ಬಿಗೀಲಾಕ ಹತ್ತಿರ್ತೀ ಅಂತ. ಎಷ್ಟು ಕಡ್ಡಿ?”

“ಹನ್ನೊಂದ್ರಿ.”

“ಎಲ್ಲಾ ಒಂದೇ ಬಾಜೂದವ?”

ಬಗ್ಗಿ ನೋಡಿ ಹೌದೆಂದು ತಲೆಯಾಡಿಸಿದೆ.

“ಶಾಬಾಸ್. ಕಡ್ಡಿ ಅಂದ್ರ ಅರ್ಧ ಈ ಕಡೆ ಜಗ್ಗತಾವ, ಅರ್ಧ ಆ ಕಡೆ ಜಗ್ಗತಾವ. ಇಬ್ಬರೂ ಸಮ ಜಗ್ಗಿದ್ರ ಗಾಲಿ ನಡುವ ನಿಂದ್ರತದ. ನೀ ಒಂದು ಕಡೆಯವರಿಗೇ ಜೋರು ಕೊಟ್ಟಿ.” ಆಮೇಲೆ ಸೂರ್ಯನನ್ನು ನೋಡಿದರು. “ಇದಕ್ಕ ಅರ್ಧ ತಾಸು ಬೇಕು. ನಿನ್ನ ಹತ್ರ ಅರ್ಧ ತಾಸು ಇಲ್ಲ. ನಂದು ತೊಗೊಂಡು ಹೋಗು.”

“ಅಯ್ಯೋ, ಜಿದ್ದಿ ಗಾಲಿ! ನನಗ ಬರಂಗಿಲ್ರಿ ಅದು.”

“ನಿನಗ ಬರಬೇಕಾಗಿಲ್ಲ, ಗಾಲಿಗೆ ಬರ್ತದ. ನೀ ಕಾಲು ಇಡು ಸಾಕು.”

ಎದುರಿಗೇ ಹುಮನಾಬಾದಿನ ಏರು. ನಾನು ಅರ್ಧಕ್ಕೆ ನಿಲ್ಲಬೇಕು ಅಂದುಕೊಂಡೆ. ಗಾಲಿ ಕೇಳಲಿಲ್ಲ. ಕಾಲು ಸೋತು ಪೆಡಲು ಮೇಲೆ ಬಂದು ನಿಂತಾಗಲೆಲ್ಲ ಗಾಲಿಯೇ ಅದನ್ನು ದಾಟಿಸಿ ಆಚೆಗೆ ಹಾಕುತ್ತಿತ್ತು. ಹೆದರುವುದಕ್ಕೆ ಒಂದು ಚೂರು ಪುರುಸೊತ್ತು ಬೇಕಲ್ಲ, ಅದು ಸಿಗಲೇ ಇಲ್ಲ. ಎರಡು ಮೊಳ ನೆಲ, ಮತ್ತೆ ಎರಡು ಮೊಳ ನೆಲ. ಏರಿನ ತುದಿ ಯಾವಾಗ ದಾಟಿತೋ ತಿಳಿಯದು. ತಿಳಿದದ್ದು ಇಳಿಜಾರಿನಲ್ಲಿ ಪೆಡಲು ಬೀಸುವ ಕಲ್ಲಿನ ಹಾಗೆ ನನ್ನ ಕಾಲುಗಳನ್ನು ತಿರುವತೊಡಗಿದಾಗ. ಎಡಗಾಲಿನ ಚಪ್ಪಲಿ ಸರಳಿನಿಂದ ಹಾರಿ ಹೊಲಕ್ಕೆ ಬಿತ್ತು. ನಿಲ್ಲಿಸುವುದು ಹೇಗೆಂದು ಉಸ್ತಾದರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಶಾಲೆಯ ಅಂಗಳಕ್ಕೆ ಒಂಟಿ ಚಪ್ಪಲಿಯಲ್ಲಿ ಮುಟ್ಟಿದಾಗ ನನ್ನ ಹೆಸರು ಕರೆಯುತ್ತಿದ್ದರು. ಸಾಹೇಬರು ಧಾರವಾಡದ ಕಡೆಯವರು, ತೂಕದ ಮಾತಿನವರು. ನನ್ನ ಕಾಲು ನೋಡಿದರು. ಮಕ್ಕಳ ಮುಂದೆ ನಿಂತು ಏನಾದರೂ ಒಂದು ಪಾಠ ಹೇಳಿ ಎಂದರು. ಹದಿನೈದು ದಿನದಿಂದ ಬಾಯಿಪಾಠ ಮಾಡಿಟ್ಟದ್ದು ಒಂದಕ್ಷರವೂ ನೆನಪಿಗೆ ಬರಲಿಲ್ಲ. ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಒಂದು ಗಾಲಿ ಬರೆದೆ. ಕಡ್ಡಿಗಳು ಅರ್ಧ ಈ ಕಡೆ, ಅರ್ಧ ಆ ಕಡೆ ಯಾಕೆ ಜಗ್ಗುತ್ತವೆ, ಒಂದೇ ಕಡೆ ಬಿಗಿದರೆ ಏನಾಗುತ್ತದೆ ಎಂದು ಹೇಳಿದೆ. ವಾಲಿದ ಗಾಲಿಯ ಹಾಗೆ ನಡೆದೂ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

“ಗಾಲಿ ಬಗ್ಗೆ ಇಷ್ಟೆಲ್ಲ ಯಾವಾಗ ಕಲಿತಿರಿ?” ಸಾಹೇಬರು ಕೇಳಿದರು.

“ಇವತ್ತು ಮುಂಜಾನಿರಿ.”

ಅವರು ಕಾಗದದ ಮೇಲೆ ಏನೋ ಬರೆದುಕೊಂಡು, “ಮಂಠಾಳಕ್ಕೆ ಹೋಗುತ್ತೀರಾ?” ಎಂದರು.

ಹೊರಗೆ ಬಂದರೆ ಗೇಟಿನ ಹತ್ತಿರ ಉಸ್ತಾದರು. ನನ್ನ ಸೈಕಲ್ಲಿನ ಗಾಲಿ ಸೂಜಿಯಷ್ಟು ಸೀದಾ, ಹ್ಯಾಂಡಲ್ಲಿಗೆ ನನ್ನ ಚಪ್ಪಲಿ ಕಟ್ಟಿತ್ತು. ಮಂಠಾಳ ಎಂದೆ. “ರಸ್ತಾ ಗೊತ್ತದ ಬಿಡ್ರಿ ನಿಮಗ” ಎಂದರು, ಮತ್ತೆ ಬಹುವಚನಕ್ಕೆ ಬಂದಿದ್ದರು. ಇಬ್ಬರೂ ಪಕ್ಕದ ಮಾಣಿಕನಗರದ ಮಠಕ್ಕೆ ಹೋಗಿ ದಾಸೋಹದ ಪಂಕ್ತಿಯಲ್ಲಿ ಕೂತು ಉಂಡೆವು. ಅವರು ಎರಡು ಸಲ ಅನ್ನ ಹಾಕಿಸಿಕೊಂಡರು. ಚಾವಿ ಕದ್ದ ಮಾತನ್ನು ಆ ದಿನವಾಗಲಿ, ಮುಂದೆಂದಾಗಲಿ, ಯಾರ ಮುಂದೆಯೂ ಎತ್ತಲಿಲ್ಲ. ನಾನೇ ಈಗ ಎತ್ತುತ್ತಿದ್ದೇನೆ.

ಉಸ್ತಾದರು ಹೋದದ್ದು ಅದಾಗಿ ಹತ್ತು ಹನ್ನೆರಡು ವರ್ಷಕ್ಕೆ. ಶುಕ್ರವಾರದ ನಮಾಜು ಮುಗಿಸಿ ಬಂದು ಅಂಗಡಿಯ ಹಲಗೆಗೆ ಒರಗಿದವರು ಏಳಲಿಲ್ಲ. ಸುದ್ದಿ ಮುಟ್ಟಿದಾಗ ನಾನು ಶಾಲೆಯಲ್ಲಿದ್ದೆ. ಮಕ್ಕಳನ್ನು ಬಿಟ್ಟು ಮಂಠಾಳದಿಂದ ಸೈಕಲ್ಲಿನ ಮೇಲೇ ಬಂದೆ. ಜನಾಜಾ ಎದ್ದಾಗ ಮುಂದಿನ ಬಲಗಡೆಯ ಮೂಲೆಗೆ ಹೆಗಲು ಕೊಟ್ಟೆ. ನಾಲ್ಕು ಹೆಜ್ಜೆ ಹೊತ್ತು ಹಿಂದಿನವರಿಗೆ ಬಿಟ್ಟುಕೊಡಬೇಕು, ಹಾಗೆ ಎಲ್ಲರ ಹೆಗಲ ಮೇಲೂ ಹೋಗಬೇಕು ಅನ್ನುವುದು ಅವರ ರೀತಿ. ನನಗದು ಗೊತ್ತಿರಲಿಲ್ಲ. ಜಾರಿಬಿಟ್ಟೀತೆಂಬ ಭಯದಲ್ಲಿ ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಡೆದೇ ನಡೆದೆ. ಕೊನೆಗೆ ಗಲ್ಲಿಯ ಹಿರಿಯರೊಬ್ಬರು ಭುಜ ಮುಟ್ಟಿ, ಮೆಲ್ಲಗೆ, “ಬಿಡ್ರಿ ಮಾಸ್ತರ್, ಹಿಂದಿನವರಿಗೂ ಹಕ್ಕದ” ಎಂದರು.

ಬಿಟ್ಟೆ. ಬಿಟ್ಟು, ಸಾಲಿನ ಪಕ್ಕದಲ್ಲಿ ಓಡುತ್ತ ಮುಂದೆ ಹೋಗಿ ಮತ್ತೆ ಸರದಿಗೆ ನಿಂತೆ. ಹಾಗೆ ಮೂರು ಸಲ ಹೆಗಲು ಸಿಕ್ಕಿತು. ನಾಲ್ಕನೆಯ ಸಲಕ್ಕೆ ಓಡುವಷ್ಟರಲ್ಲಿ ಕಬರಸ್ಥಾನ ಬಂದುಬಿಟ್ಟಿತು.